ಗೇಮಿಂಗ್ ಪಿಸಿಗೆ ಇಂಟೆಲ್ ಹಾಕೋದಾ, ಎಎಂಡಿ ಹಾಕೋದಾ: ಲೆಕ್ಕ ಮಾನಿಟರ್‌ನಿಂದ ಶುರುವಾಗಲಿ

ಗೇಮಿಂಗ್ ಪಿಸಿ ಕಟ್ಟಿಸಲು ಹೊರಟವರಲ್ಲಿ ಹೆಚ್ಚಿನವರು ಪ್ರೊಸೆಸರ್‌ನಿಂದಲೇ ಶುರು ಮಾಡುತ್ತಾರೆ. ಇಂಟೆಲ್ ಒಳ್ಳೆಯದೋ ಎಎಂಡಿ ಒಳ್ಳೆಯದೋ ಎಂದು ನಾಲ್ಕು ಜನರನ್ನು ಕೇಳಿ, ದುಡ್ಡಿನ ದೊಡ್ಡ ಪಾಲನ್ನು ಅಲ್ಲೇ ಸುರಿದು, ಮಿಕ್ಕಿದ್ದರಲ್ಲಿ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಾರೆ. ಈ ಕ್ರಮವೇ ತಲೆಕೆಳಗು. ಮೊದಲು ಮಾನಿಟರ್ ಯಾವುದು, ಅದರ ಮೇಲೆ ಆಡುವ ಗೇಮ್ ಯಾವುದು ಎಂದು ತೀರ್ಮಾನಿಸಿ. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಆರಿಸಿ. ಪ್ರೊಸೆಸರ್ ಕೊನೆಗೆ ಬರಲಿ. ಹೀಗೆ ಬಂದರೆ ಇಂಟೆಲ್-ಎಎಂಡಿ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿದಿರುತ್ತದೆ.

ಎರಡು ಮಿತಿಗಳಲ್ಲಿ ಕಡಿಮೆಯದ್ದೇ ನಿಮಗೆ ಸಿಗುವುದು

ಪರದೆಯ ಮೇಲೆ ಬರುವ ಪ್ರತಿಯೊಂದು ಫ್ರೇಮ್‌ನ (ಒಂದೊಂದು ಬಿಡಿ ಚಿತ್ರದ) ಹಿಂದೆ ಇಬ್ಬರ ದುಡಿಮೆ ಇದೆ. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಾಗಿತು, ಈಗ ಏನೇನು ಬಿಡಿಸಬೇಕು ಎಂಬ ಲೆಕ್ಕವನ್ನು ಪ್ರೊಸೆಸರ್ ಮುಗಿಸಿ ಕಳಿಸುತ್ತದೆ. ಚಿತ್ರವನ್ನು ಗ್ರಾಫಿಕ್ಸ್ ಕಾರ್ಡ್ ಬಿಡಿಸುತ್ತದೆ. ಹರ್ಟ್ಸ್ ಎಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. 60 ಹರ್ಟ್ಸ್ ಮಾನಿಟರ್‌ಗೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ತಯಾರಾದರೆ ಸಾಕು. 144 ಹರ್ಟ್ಸ್‌ಗೆ 6.9 ಮಿಲಿಸೆಕೆಂಡ್, 240 ಹರ್ಟ್ಸ್‌ಗೆ 4.2 ಮಿಲಿಸೆಕೆಂಡ್. ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ; 1080ಪಿ, 1440ಪಿ, 4ಕೆ ಹೀಗೆ ಏರುತ್ತದೆ) ಏರಿಸಿದರೆ ಕಾರ್ಡ್‌ನ ಕೆಲಸ ಹೆಚ್ಚುತ್ತದೆ, ಪ್ರೊಸೆಸರ್‌ನ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹರ್ಟ್ಸ್ ಏರಿಸಿದರೆ ಇಬ್ಬರ ಮೇಲೂ ಒತ್ತಡ ಬೀಳುತ್ತದೆ. ಇದೊಂದು ಅರ್ಥವಾದರೆ ಅರ್ಧ ಗೊಂದಲ ಮುಗಿಯಿತು.

ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಮಾಡಿ. ನೀವು ನಿಜವಾಗಿ ಆಡುವ ಎರಡು ಮೂರು ಗೇಮ್‌ಗಳನ್ನು ಬರೆದುಕೊಳ್ಳಿ. ಪ್ರೊಸೆಸರ್ ವಿಮರ್ಶೆಗಳಲ್ಲಿ 1080ಪಿಯಲ್ಲಿ, ಅತಿ ಬಲವಾದ ಕಾರ್ಡ್ ಹಾಕಿ ಪರೀಕ್ಷಿಸಿದ ಅಂಕಿ ನೋಡಿ: ಅದು ಆ ಪ್ರೊಸೆಸರ್‌ನ ಮಿತಿ. ಆಮೇಲೆ ನೀವು ಕೊಳ್ಳಲಿರುವ ಕಾರ್ಡ್‌ನ ವಿಮರ್ಶೆಯಲ್ಲಿ ನಿಮ್ಮ ರೆಸಲ್ಯೂಷನ್, ನಿಮ್ಮ ಸೆಟ್ಟಿಂಗ್‌ನ ಅಂಕಿ ನೋಡಿ: ಅದು ಕಾರ್ಡ್‌ನ ಮಿತಿ. ಪ್ರೊಸೆಸರ್ ಸೆಕೆಂಡಿಗೆ 150 ಫ್ರೇಮ್ ಕೊಡಬಲ್ಲದು, ಕಾರ್ಡ್ 90 ಕೊಡಬಲ್ಲದು ಅಂತಾದರೆ ಸಿಗುವುದು 90 ಅಷ್ಟೇ. ಅಲ್ಲಿ 200 ಫ್ರೇಮ್ ಕೊಡುವ ಪ್ರೊಸೆಸರ್ ತಂದು ಹಾಕಿದರೂ ಸಿಗುವುದು 90. ಸರಾಸರಿಯ ಪಕ್ಕದಲ್ಲಿ ಒಂದು ಶೇಕಡಾ ಕನಿಷ್ಠ (1% low, ಅತಿ ನಿಧಾನವಾಗಿ ಬಂದ ಒಂದು ಶೇಕಡಾ ಫ್ರೇಮ್‌ಗಳ ವೇಗ) ಅಂತ ಕೊಟ್ಟಿರುವ ಅಂಕಿಯನ್ನೂ ಬಿಡಬೇಡಿ. ಆಟ ತಡವರಿಸುತ್ತದೋ ಇಲ್ಲವೋ ಎಂದು ಹೇಳುವುದು ಅದೇ, ಮತ್ತು ಪ್ರೊಸೆಸರ್‌ಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದೂ ಅಲ್ಲೇ.

4ಕೆ ಮಾನಿಟರ್ ಇದ್ದವರಿಗೆ ಪ್ರೊಸೆಸರ್ ಯಾವುದಾದರೂ ನಡೆಯುತ್ತದೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಸಣ್ಣ ಚಿತ್ರವನ್ನು ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರಗಳು) ಅನ್ನು ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿದರೆ 4ಕೆ ಚಿತ್ರ ಒಳಗೆ 1080ಪಿಯಲ್ಲೇ ತಯಾರಾಗುತ್ತದೆ. ಹಾಗಾಗಿ ಪ್ರೊಸೆಸರ್‌ನ ಮಿತಿ ಮತ್ತೆ ಎದುರಾಗುತ್ತದೆ. ಸೈಬರ್‌ಪಂಕ್ 2077 ಥರದ ಗೇಮ್‌ನಲ್ಲಿ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕಹಾಕುವ ವಿಧಾನ) ಹಚ್ಚಿದರೆ ಪ್ರೊಸೆಸರ್‌ನ ಕೆಲಸವೂ ಹೆಚ್ಚುತ್ತದೆ. ಫ್ರೇಮ್ ಜನರೇಷನ್ (ಮೂಲ ಫ್ರೇಮ್‌ಗಳ ನಡುವೆ ಕಾರ್ಡ್ ತಾನೇ ಫ್ರೇಮ್ ಹುಟ್ಟಿಸಿ ಸೇರಿಸುವುದು) ಅಂಕಿಯನ್ನು ಏರಿಸಿ ತೋರಿಸುತ್ತದೆ, ಆದರೆ ಮೌಸ್ ಅಲುಗಿಸಿದಾಗ ಕೈಗೆ ಗೊತ್ತಾಗುವುದು ಮೂಲ ಫ್ರೇಮ್‌ಗಳ ವೇಗವೇ.

ಈಗಾಗಲೇ ಒಂದು ಪಿಸಿ ಇದ್ದರೆ ಊಹೆ ಬೇಕಿಲ್ಲ, ಅಳೆದೇ ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ಪರದೆಯ ಮೂಲೆಯಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಬಳಕೆ ಕಾಣುವಂತೆ ಮಾಡಿ. ಗೇಮ್‌ನಲ್ಲಿ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ಹರ್ಟ್ಸ್‌ಗೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ತೆಗೆದು, ಗಲಾಟೆ ಜಾಸ್ತಿ ಇರುವ ಜಾಗದಲ್ಲಿ ಹತ್ತು ನಿಮಿಷ ಆಡಿ. ಜಿಪಿಯು ಬಳಕೆ 95ರಿಂದ 99 ಶೇಕಡಾ ನಿಂತಿದ್ದರೆ ಕಾರ್ಡ್‌ನದೇ ಮಿತಿ. 60-70ರಲ್ಲಿ ಓಲಾಡುತ್ತಿದ್ದರೆ ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿ. ಫ್ರೇಮ್ ಏರಲೇ ಇಲ್ಲ ಅಂದರೆ ಅಡ್ಡ ನಿಂತಿರುವುದು ಪ್ರೊಸೆಸರ್ ಅಥವಾ ರ‍್ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ಬರೀ 35 ಶೇಕಡಾ ಎಂದು ನೋಡಿ ಮೋಸಹೋಗಬೇಡಿ. ಗೇಮ್‌ನ ಮುಖ್ಯ ಕೆಲಸ ಒಂದೆರಡು ಕೋರ್‌ಗಳ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಬಿಡಿ ಘಟಕಗಳ) ಮೇಲೆ ಬಿದ್ದು ಅವು ತುಂಬಿಹೋಗಿರುತ್ತವೆ, ಉಳಿದವು ಸುಮ್ಮನಿರುತ್ತವೆ; ಕಾಣುವುದು ಎಲ್ಲದರ ಸರಾಸರಿ.

ಕ್ಯಾಶ್ ಮತ್ತು ಸಾಕೆಟ್

ಎರಡು ಕಂಪನಿಗಳ ನಡುವೆ ಗೇಮಿಂಗ್‌ಗೆ ಮುಖ್ಯವಾದ ವ್ಯತ್ಯಾಸ ಎರಡೇ: ಕ್ಯಾಶ್ ಮತ್ತು ಸಾಕೆಟ್. ಗಿಗಾಹರ್ಟ್ಸ್ ಹೋಲಿಸಿ ಪ್ರಯೋಜನವಿಲ್ಲ, ಕೋರ್‌ಗಳನ್ನು ಎಣಿಸಿಯೂ ಪ್ರಯೋಜನವಿಲ್ಲ. ಇಂಟೆಲ್‌ನ ಐ5-14600ಕೆ 14 ಕೋರ್ ಎನ್ನುತ್ತದೆ. ಅದರಲ್ಲಿ ದೊಡ್ಡ ಕೋರ್ 6, ಮಿಕ್ಕ 8 ಸಣ್ಣವು. ಎಎಂಡಿಯ ರೈಜೆನ್ 7 7800ಎಕ್ಸ್3ಡಿ 8 ಕೋರ್ ಅಷ್ಟೇ. ಗೇಮ್‌ನಲ್ಲಿ ಮುಂದೆ ಓಡುವುದು ಎರಡನೆಯದು.

ಅದಕ್ಕೆ ಕಾರಣ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಸಣ್ಣ, ವೇಗದ ಮೆಮೊರಿ. ಪ್ರೊಸೆಸರ್‌ಗೆ ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ ಸಿಗದಿದ್ದರೆ ರ‍್ಯಾಮ್‌ವರೆಗೆ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಕೈಕಟ್ಟಿ ಕೂರುತ್ತದೆ. ರೈಜೆನ್ 5 7600ರಲ್ಲಿ 32 ಎಂಬಿ ಎಲ್3 ಇದೆ, 14600ಕೆಯಲ್ಲಿ 24 ಎಂಬಿ. ಎಕ್ಸ್3ಡಿ ಹೆಸರಿನ 8 ಕೋರ್ ಚಿಪ್‌ಗಳಲ್ಲಿ ಎಎಂಡಿ ಇನ್ನೊಂದು ಪದರ ಕ್ಯಾಶ್ ಜೋಡಿಸಿ ಒಟ್ಟು 96 ಎಂಬಿ ಮಾಡುತ್ತದೆ. 2022ರ 5800ಎಕ್ಸ್3ಡಿಯಲ್ಲಿ, 2023ರ 7800ಎಕ್ಸ್3ಡಿಯಲ್ಲಿ ಈ ಪದರ ಕೋರ್‌ಗಳ ಮೇಲೆ ಕೂತಿತ್ತು, ಶಾಖ ಹೊರಹೋಗಲು ಅಡ್ಡಿಯಾಗುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಅದನ್ನು ಕೋರ್‌ಗಳ ಕೆಳಗೆ ಇಟ್ಟರು. ಹಾಗಾಗಿ ವೇಗವೂ ಹೆಚ್ಚಿತು, ತಂಪೂ ಸುಲಭವಾಯಿತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಫ್ಯಾಕ್ಟೋರಿಯೊ, ಸ್ಟೆಲಾರಿಸ್, ಕೌಂಟರ್-ಸ್ಟ್ರೈಕ್ 2 ಇವೆಲ್ಲ ಕ್ಯಾಶ್ ಸಿಕ್ಕರೆ ಹಿಗ್ಗುವ ಆಟಗಳು. ಸುಂದರ ದೃಶ್ಯಗಳ ಕಥಾಪ್ರಧಾನ ಗೇಮ್ ಅನ್ನು 1440ಪಿಯಲ್ಲಿ ಮಧ್ಯಮ ಕಾರ್ಡ್ ಮೇಲೆ ಆಡುವವರಿಗೆ ಈ ಕ್ಯಾಶ್‌ನ ಲಾಭ ಕಾಣುವುದು ಅಪರೂಪ.

ಸಾಕೆಟ್ (ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ) ವಿಷಯಕ್ಕೆ ಬಂದರೆ, ಎಎಂಡಿಯ ಎಎಂ5 2022ರಲ್ಲಿ ಬಂತು. 2027ರವರೆಗೆ, ಅದರಾಚೆಗೂ ಬೆಂಬಲ ಕೊಡುತ್ತೇವೆ ಎಂದು ಕಂಪನಿ ಹೇಳಿದೆ. ಇವತ್ತು 7600 ಹಾಕಿ, ಎರಡು ಮೂರು ವರ್ಷ ಬಿಟ್ಟು ಅದೇ ಬೋರ್ಡ್‌ಗೆ ಎಕ್ಸ್3ಡಿ ಹಾಕುವ ದಾರಿ ತೆರೆದಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗಳಿಗೆ ನಿಂತುಹೋಯಿತು. 2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್ ಚಿಪ್‌ಗಳಿಗೆ ಎಲ್‌ಜಿಎ 1851 ಎಂಬ ಹೊಸ ಸಾಕೆಟ್ ಬೇಕು. ಈ ಚಿಪ್‌ಗಳು ಕರೆಂಟ್ ಕಡಿಮೆ ತಿನ್ನುತ್ತವೆ, ವಿಡಿಯೊ ಎಡಿಟಿಂಗ್‌ಗೆ ಚೆನ್ನ. ಆದರೆ ಮೆಮೊರಿ ಕಂಟ್ರೋಲರ್ ಕೋರ್‌ಗಳಿಂದ ಬೇರೆ ತುಂಡಿನಲ್ಲಿರುವುದರಿಂದ ರ‍್ಯಾಮ್ ತಲುಪಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ಹಲವು ಗೇಮ್‌ಗಳಲ್ಲಿ ತನ್ನದೇ ಹಳೆಯ 14ನೇ ಪೀಳಿಗೆಗಿಂತ ಹಿಂದೆ ಬಿದ್ದವು.

ಯಾರಿಗೆ ಯಾವುದು

60 ಅಥವಾ 75 ಹರ್ಟ್ಸ್ ಮಾನಿಟರ್, 1080ಪಿ, ಬಿಗಿ ಬಜೆಟ್: ಕೋರ್ ಐ5-12400ಎಫ್ ಅಥವಾ ರೈಜೆನ್ 5 5600. ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡರ ಜೊತೆಗೂ ಕೂಲರ್ ಬರುತ್ತದೆ. ಡಿಡಿಆರ್4 ರ‍್ಯಾಮ್ ನಡೆಯುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿರುವುದರಿಂದ, ಹಳೆಯ ಪಿಸಿಯಲ್ಲಿ 16 ಜಿಬಿ ಡಿಡಿಆರ್4 ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಜಾಣತನ. ಆದರೆ ಗಮನಿಸಿ: 12400ಎಫ್ ಕೂರುವ ಬಿ760 ಬೋರ್ಡ್ ಡಿಡಿಆರ್4 ಮತ್ತು ಡಿಡಿಆರ್5 ಎರಡು ಬಗೆಯಲ್ಲೂ ಸಿಗುತ್ತದೆ, ಒಂದೇ ಬೋರ್ಡ್‌ನಲ್ಲಿ ಎರಡೂ ಹಿಡಿಸುವುದಿಲ್ಲ. ಬೋರ್ಡ್ ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದು ಇದೆಯೇ ನೋಡಿ.

144ರಿಂದ 180 ಹರ್ಟ್ಸ್, 1080ಪಿ ಅಥವಾ 1440ಪಿ, ಎಲ್ಲ ಬಗೆಯ ಗೇಮ್: ಹೊಸದಾಗಿ ಕಟ್ಟುವವರಿಗೆ ನಮ್ಮ ಮಾತು ರೈಜೆನ್ 5 7600 ಅಥವಾ 9600ಎಕ್ಸ್, ಜೊತೆಗೆ ಬಿ650 ಅಥವಾ ಬಿ850 ಬೋರ್ಡ್. ಡಿಡಿಆರ್5-6000 ಸಿಎಲ್30 (ವೇಗ 6000, ವಿಳಂಬದ ಅಂಕಿ 30), 16 ಜಿಬಿಯ ಎರಡು ಸ್ಟಿಕ್. 7600ರ ಪೆಟ್ಟಿಗೆಯಲ್ಲಿ ಕೂಲರ್ ಇದೆ, 9600ಎಕ್ಸ್‌ನಲ್ಲಿ ಇಲ್ಲ. ಬೆಲೆ ಹೋಲಿಸುವಾಗ ಇದನ್ನು ಸೇರಿಸಿ.

240 ಹರ್ಟ್ಸ್ ಮತ್ತು ಮೇಲೆ, ವ್ಯಾಲರಂಟ್ ಅಥವಾ ಕೌಂಟರ್-ಸ್ಟ್ರೈಕ್‌ನಲ್ಲಿ ಸ್ಪರ್ಧೆಗೆ ಇಳಿಯುವವರು, ಸಿಮ್ಯುಲೇಷನ್ ಆಡುವವರು: 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ. ಇಲ್ಲಿ ಇಂಟೆಲ್ ಬಳಿ ಸರಿಸಾಟಿ ಉತ್ತರವಿಲ್ಲ. ದೊಡ್ಡ ಕ್ಯಾಶ್ ಇರುವುದರಿಂದ ಇವು ರ‍್ಯಾಮ್ ವೇಗಕ್ಕೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. 5600 ವೇಗದ ಸ್ಟಿಕ್ ಹಾಕಿ ಉಳಿದ ದುಡ್ಡನ್ನು ಕಾರ್ಡ್‌ಗೆ ಸೇರಿಸಬಹುದು.

ಆಟದ ಜೊತೆಗೆ ವಿಡಿಯೊ ಎಡಿಟಿಂಗೂ ದಿನನಿತ್ಯದ ಕೆಲಸವಾಗಿದ್ದರೆ ತಕ್ಕಡಿ ಇಂಟೆಲ್ ಕಡೆ ವಾಲುತ್ತದೆ. ಕೋರ್ ಅಲ್ಟ್ರಾ 7 265ಕೆಯಲ್ಲಿ 8 ದೊಡ್ಡ, 12 ಸಣ್ಣ ಕೋರ್‌ಗಳಿವೆ. ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್ (ವಿಡಿಯೊ ಕೆಲಸಕ್ಕೆಂದೇ ಇರುವ ಭಾಗ), ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫುಟೇಜನ್ನು ಟೈಮ್‌ಲೈನ್ ಮೇಲೆ ಎಳೆದಾಡುವಾಗ ತಡವರಿಸದಂತೆ ನೋಡಿಕೊಳ್ಳುತ್ತದೆ. ಈ ಕೆಲಸಕ್ಕೆ ಎಫ್ ಅಕ್ಷರದ ಚಿಪ್ ತರಬೇಡಿ, ಅದರಲ್ಲಿ ಆ ಗ್ರಾಫಿಕ್ಸೇ ಇರುವುದಿಲ್ಲ.

ಎಎಂಡಿಯ ಹಳೆಯ ಎಎಂ4 ಸಾಕೆಟ್‌ನ ಬೋರ್ಡ್ ಇದ್ದವರು ಎಲ್ಲವನ್ನೂ ಬಿಸಾಡುವ ಮೊದಲು ಬೋರ್ಡ್ ಕಂಪನಿಯ ಪುಟದಲ್ಲಿ ಬೆಂಬಲವಿರುವ ಚಿಪ್‌ಗಳ ಪಟ್ಟಿ ನೋಡಿ. ಬಯೋಸ್ (ಪಿಸಿಯನ್ನು ಶುರು ಮಾಡಿಸುವ, ಬೋರ್ಡ್ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿ 5600 ಅಥವಾ 5700ಎಕ್ಸ್ ಹಾಕಿದರೆ ಮೊದಲ ಪೀಳಿಗೆಯ ರೈಜೆನ್‌ನಿಂದ ದೊಡ್ಡ ಜಿಗಿತ ಸಿಗುತ್ತದೆ.

ಹೆಸರಿನಲ್ಲಿ ಅಡಗಿರುವ ಬಲೆಗಳು

ಅಂಗಡಿಯಲ್ಲಿ "ಇದೂ ಅದೇ ಸಾರ್, ಸ್ವಲ್ಪ ಕಡಿಮೆ ರೇಟು" ಎಂದು ಕೊಡುವ ಚಿಪ್‌ಗಳ ಬಗ್ಗೆ ಎಚ್ಚರವಿರಲಿ. ರೈಜೆನ್ 5 5500 ಮತ್ತು ಎಕ್ಸ್ ಇಲ್ಲದ ರೈಜೆನ್ 7 5700, ಎರಡರಲ್ಲೂ ಎಲ್3 ಬರೀ 16 ಎಂಬಿ, ಪಿಸಿಐಇ (ಪ್ರೊಸೆಸರ್ ಮತ್ತು ಕಾರ್ಡ್ ನಡುವಿನ ದಾರಿ) 3.0 ಮಾತ್ರ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಥರದ ಕಾರ್ಡ್‌ಗಳು 8 ಲೇನ್‌ಗಳನ್ನಷ್ಟೇ ಬಳಸುತ್ತವೆ. 4.0ಕ್ಕೆ ಹೋಲಿಸಿದರೆ 3.0ರಲ್ಲಿ ಆ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. 8 ಜಿಬಿ ವಿಡಿಯೊ ಮೆಮೊರಿ ತುಂಬಿ ರ‍್ಯಾಮ್‌ಗೆ ಕೈಚಾಚಿದ ಕೂಡಲೇ ಆಟ ಜರ್ಕ್ ಹೊಡೆಯುತ್ತದೆ. ಎಎಂ5ನಲ್ಲಿ 8500ಜಿ, 8600ಜಿ, 8400ಎಫ್ ಇವುಗಳಲ್ಲೂ ಕ್ಯಾಶ್ 16 ಎಂಬಿ. 8500ಜಿಯಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವುದು 4 ಲೇನ್ ಅಷ್ಟೇ. ಬೇರೆ ಕಾರ್ಡ್ ಹಾಕದೆ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ 8600ಜಿ ಒಳ್ಳೆಯ ಚಿಪ್. ಕಾರ್ಡ್ ಹಾಕುವವರಿಗೆ ಅಲ್ಲ.

7900ಎಕ್ಸ್3ಡಿಯಲ್ಲಿ 12 ಕೋರ್ ಇದ್ದರೂ ದೊಡ್ಡ ಕ್ಯಾಶ್ ಸಿಗುವುದು 6 ಕೋರ್‌ಗೆ ಮಾತ್ರ. ಆಟವನ್ನು ಆ ಆರರ ಮೇಲೇ ಓಡಿಸುವ ಹೊಣೆ ಎಎಂಡಿಯ ಚಿಪ್‌ಸೆಟ್ ಡ್ರೈವರ್ ಮತ್ತು ವಿಂಡೋಸ್‌ನ ಗೇಮ್ ಬಾರ್‌ನದ್ದು. ಬೇಡವೆಂದು ಗೇಮ್ ಬಾರ್ ಕಿತ್ತುಹಾಕಿದವರು, ಕಡಿಮೆ ಬೆಲೆಯ 7800ಎಕ್ಸ್3ಡಿಗಿಂತಲೂ ಕಡಿಮೆ ಫ್ರೇಮ್ ಬರುತ್ತಿದೆ ಎಂದು ತಲೆಚಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

ಎರಡೂ ಕಡೆಯ ಕಾಯಿಲೆಗಳು

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು, ಚಿಪ್ ನಿಧಾನವಾಗಿ ಸವೆದು ಹೋಗುವ ದೋಷ 2024ರಲ್ಲಿ ಬಯಲಾಯಿತು. ಇಂಟೆಲ್ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಬಯೋಸ್ ಮೂಲಕ ಚಿಪ್‌ಗೆ ಹೋಗುವ ತಿದ್ದುಪಡಿ) ಕೊಟ್ಟಿತು, ದೋಷಕ್ಕೆ ಸಿಕ್ಕಬಹುದಾದ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸ ಚಿಪ್ ಆದರೆ ವಿಂಡೋಸ್ ಹಾಕುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಿ, ಒಳಗೆ ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ ಆರಿಸಿ. ಆಗಲೇ ಸವೆದ ಚಿಪ್ ಮಾತ್ರ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಐ7-13700ಕೆ, ಐ9-13900ಕೆ, ಐ9-14900ಕೆ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಇದನ್ನು ಮನಸ್ಸಿನಲ್ಲಿಡಿ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಎರರ್ ಬರುವುದು, ಅನ್‌ರಿಯಲ್ ಎಂಜಿನ್ ಗೇಮ್‌ಗಳು ಶೇಡರ್ (ಚಿತ್ರ ಬಿಡಿಸಲು ಕಾರ್ಡ್‌ಗೆ ಬೇಕಾದ ಪುಟ್ಟ ಪ್ರೋಗ್ರಾಂ) ತಯಾರಿಸುವ ಹೊತ್ತಿನಲ್ಲಿ ವಿಡಿಯೊ ಮೆಮೊರಿ ಸಾಲದು ಎಂದು ಹೇಳಿ ಮುಚ್ಚಿಕೊಳ್ಳುವುದು ಈ ಕಾಯಿಲೆಯ ಲಕ್ಷಣ. ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ಈ ಸಂದೇಶ ಬರುತ್ತದೆ. ಜನ ಕಾರ್ಡ್ ಬದಲಿಸಿ ಬದಲಿಸಿ ಸುಸ್ತಾಗುತ್ತಾರೆ. 12400ಎಫ್‌ಗೆ ಈ ತೊಂದರೆ ಇಲ್ಲ.

ಎಎಂಡಿ ಕಡೆ, 2023ರಲ್ಲಿ ಕೆಲವು ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜ್ (ಚಿಪ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) ಅನ್ನು ಮಿತಿಮೀರಿ ಏರಿಸಿ 7000 ಸರಣಿಯ ಎಕ್ಸ್3ಡಿ ಚಿಪ್‌ಗಳು ಸುಟ್ಟವು. ಆಮೇಲಿನ ಬಯೋಸ್‌ಗಳಲ್ಲಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿದ್ದಾರೆ. ಎಎಂ5 ಬೋರ್ಡ್ ಹಳೆಯ ಸ್ಟಾಕ್ ಆಗಿದ್ದರೆ ಇಲ್ಲೂ ಮೊದಲ ಕೆಲಸ ಬಯೋಸ್ ಅಪ್‌ಡೇಟ್.

ಬಿ650 ಬೋರ್ಡ್‌ಗೆ 9000 ಸರಣಿ ಹಾಕುವಾಗಲೂ ಇದೇ ಮಾತು: ಹಳೆಯ ಬಯೋಸ್‌ಗೆ ಹೊಸ ಚಿಪ್ ಗುರುತೇ ಸಿಗದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಕೊಂಡರೆ ಪ್ರೊಸೆಸರ್ ಇಲ್ಲದೆಯೂ ಕೆಲಸ ಆಗುತ್ತದೆ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಫೈಲ್‌ಗೆ ಇಟ್ಟು, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೆ ಹಾಕಿ. 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟು, ಬಟನ್ ಅನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ದೀಪ ಮಿನುಗುವುದು ನಿಲ್ಲುವವರೆಗೆ ಮುಟ್ಟಬೇಡಿ. ನಡುವೆ ಕರೆಂಟ್ ಹೋದರೆ ಕಷ್ಟ, ಯುಪಿಎಸ್ ಮೇಲೆ ಮಾಡಿ.

ಬಿಸಿಲೂರಿನ ಲೆಕ್ಕ

ವಿಮರ್ಶೆಗಳಲ್ಲಿ ಕೊಡುವ ತಾಪಮಾನ ಹೆಚ್ಚಾಗಿ 21-25 ಡಿಗ್ರಿಯ ಕೋಣೆಯದ್ದು. ಕೂಲರ್ ಎಷ್ಟೇ ಒಳ್ಳೆಯದಾದರೂ ಕೋಣೆಯ ತಾಪಮಾನದ ಮೇಲೆಯೇ ಲೆಕ್ಕ. ರಾಯಚೂರು, ಕಲಬುರಗಿಯ ಏಪ್ರಿಲ್-ಮೇನಲ್ಲಿ ಎಸಿ ಇಲ್ಲದ ಕೋಣೆ 38-40 ಮುಟ್ಟಿದರೆ ವಿಮರ್ಶೆಯ ಅಂಕಿಗೆ ಕಣ್ಣುಮುಚ್ಚಿ 15 ಡಿಗ್ರಿ ಸೇರಿಸಿ. 7800ಎಕ್ಸ್3ಡಿಯ ಮಿತಿ 89 ಡಿಗ್ರಿ, 9800ಎಕ್ಸ್3ಡಿಯದು 95, ಇಂಟೆಲ್ 14ನೇ ಪೀಳಿಗೆಯದು 100. ಮಿತಿ ಮುಟ್ಟಿದ ಕೂಡಲೇ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಇಂಥ ಊರಿಗೆ ಎಕ್ಸ್3ಡಿ ಚಿಪ್‌ಗಳು ಹೇಳಿ ಮಾಡಿಸಿದಂತಿವೆ: 7800ಎಕ್ಸ್3ಡಿ ಗೇಮ್ ಆಡುವಾಗ ಸಾಮಾನ್ಯವಾಗಿ 100 ವ್ಯಾಟ್‌ನೊಳಗೇ ಇರುತ್ತದೆ, ಎರಡು ಗೋಪುರದ, 155 ಎಂಎಂ ಎತ್ತರದ ಏರ್ ಕೂಲರ್ ಸಾಕು. ಕೇಸ್‌ನಲ್ಲಿ ಅಷ್ಟು ಎತ್ತರಕ್ಕೆ ಜಾಗವಿದೆಯೇ ಅಳೆದುಕೊಳ್ಳಿ. ಐ7-14700ಕೆಯ ಗರಿಷ್ಠ ಮಿತಿ 253 ವ್ಯಾಟ್. ಅದಕ್ಕೆ 360 ಎಂಎಂ ಲಿಕ್ವಿಡ್ ಕೂಲರ್ ಬೇಕು, ಅದರ ಬೆಲೆ ಪ್ರೊಸೆಸರ್‌ನ ಲೆಕ್ಕಕ್ಕೇ ಸೇರಬೇಕು.

ಕೊಳ್ಳುವಾಗ, ಜೋಡಿಸುವಾಗ

ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಟ್ರೇ ಚಿಪ್ ಎಂದು ಪೆಟ್ಟಿಗೆಯಿಲ್ಲದೆ ಕೊಡುವುದಕ್ಕೆ ಕಂಪನಿಯ ನೇರ ವಾರಂಟಿ ಇರುವುದಿಲ್ಲ. ಮಾರಿದ ಅಂಗಡಿಯೇ ಹೊಣೆ. ಪೆಟ್ಟಿಗೆಯ ಚಿಪ್‌ಗೆ ಮೂರು ವರ್ಷ ವಾರಂಟಿ. ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಪೆಟ್ಟಿಗೆಯ ಮೇಲಿನ ನಂಬರಿಗೂ ಚಿಪ್ ಮೇಲಿನದಕ್ಕೂ ತಾಳೆ ನೋಡಿ.

ಎಎಂ5 ಮತ್ತು ಇಂಟೆಲ್ ಸಾಕೆಟ್‌ಗಳಲ್ಲಿ ಪಿನ್‌ಗಳು ಬೋರ್ಡ್‌ನ ಮೇಲೆ ಇರುತ್ತವೆ. ಬೋರ್ಡ್ ಕೈಗೆ ಬಂದ ಕೂಡಲೇ, ಅಂಗಡಿಯಲ್ಲೇ, ಪ್ಲಾಸ್ಟಿಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿಯಿರಿ. ಪಿನ್‌ಗಳ ಸಾಲು ಒಂದೇ ಸಮ ಹೊಳೆಯಬೇಕು; ಎಲ್ಲಾದರೂ ಒಂದು ಚುಕ್ಕೆ ಬೇರೆ ಕಡೆ ಮಿಂಚಿದರೆ ಅಲ್ಲಿ ಪಿನ್ ಬಗ್ಗಿದೆ. ಮನೆಗೆ ತಂದ ಮೇಲೆ ಹೇಳಿದರೆ ನೀವೇ ಬಗ್ಗಿಸಿದಿರಿ ಎನ್ನುತ್ತಾರೆ. ಆ ಮುಚ್ಚಳವನ್ನೂ ಎತ್ತಿಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಅದು ಬೇಕಾಗುತ್ತದೆ. ಹಳೆಯ ಎಎಂ4ನಲ್ಲಿ ಪಿನ್ ಚಿಪ್‌ನ ಕೆಳಗಿರುತ್ತದೆ. ಕೂಲರ್ ಅನ್ನು ನೇರ ಮೇಲೆ ಎಳೆದರೆ ಒಣಗಿದ ಪೇಸ್ಟ್‌ಗೆ (ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಲೇಪಕ್ಕೆ) ಅಂಟಿಕೊಂಡು ಚಿಪ್ಪೇ ಕಿತ್ತುಬರಬಹುದು. ಹತ್ತು ನಿಮಿಷ ಪಿಸಿ ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ, ಕೂಲರ್ ಅನ್ನು ಎಡಬಲಕ್ಕೆ ತಿರುಗಿಸುತ್ತಾ ಬಿಡಿಸಿ.

ಎರಡು ರ‍್ಯಾಮ್ ಸ್ಟಿಕ್‌ಗಳನ್ನು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟ್‌ಗೆ ಹಾಕಿ. ಎಎಂ5ನಲ್ಲಿ ನಾಲ್ಕು ಸ್ಟಿಕ್ ತುಂಬಿಸಿದರೆ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ, ಆದ್ದರಿಂದ ಬೇಕಾದಷ್ಟನ್ನು ಮೊದಲೇ ಎರಡರಲ್ಲಿ ಕೊಳ್ಳಿ. ಮೊದಲ ಬಾರಿ ಆನ್ ಮಾಡಿದಾಗ ಎಎಂ5 ಬೋರ್ಡ್ ರ‍್ಯಾಮ್ ಅನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ: ಫ್ಯಾನ್ ತಿರುಗುತ್ತದೆ, ಬೋರ್ಡ್ ಮೇಲೆ ಡಿರ‍್ಯಾಮ್ ದೀಪ ಉರಿಯುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಕೆಟ್ಟಿದೆ ಎಂದು ಗಾಬರಿಯಾಗಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ.

ವಿಂಡೋಸ್ ಬಂದ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಕೆಲವು ವಿಷಯ ನೋಡಿಬಿಡಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿದ್ದೀರಾ? ಬೋರ್ಡ್‌ಗೆ ಹಾಕಿದರೆ ಗೇಮ್ ಒಳಗಿನ ಸಣ್ಣ ಗ್ರಾಫಿಕ್ಸ್‌ನಲ್ಲೇ ತೆವಳಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ 4800 ಎಂದಿದ್ದರೆ ಬಯೋಸ್‌ನಲ್ಲಿ ಎಎಂಡಿಗೆ ಎಕ್ಸ್‌ಪೋ, ಇಂಟೆಲ್‌ಗೆ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿಲ್ಲ ಎಂದರ್ಥ. ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ಮುಟ್ಟಲು ಬಿಡುವ ಸೆಟ್ಟಿಂಗ್) ಆನ್ ಇರಲಿ. ಚಿಪ್‌ಸೆಟ್ ಡ್ರೈವರ್ ಕಂಪನಿಯ ಪುಟದಿಂದಲೇ ಹಾಕಿ. ಎಚ್‌ಡಬ್ಲ್ಯುಇನ್ಫೊ (ತಾಪಮಾನ ತೋರಿಸುವ ತಂತ್ರಾಂಶ) ತೆರೆದಿಟ್ಟು ಸಿನೆಬೆಂಚ್ (ಪ್ರೊಸೆಸರ್‌ನ ಮೇಲೆ ಪೂರ್ತಿ ಭಾರ ಹಾಕುವ ಪರೀಕ್ಷೆ) ಅನ್ನು ಹತ್ತು ನಿಮಿಷ ಓಡಿಸಿ, ಆಮೇಲೆ ಒಂದು ಗಂಟೆ ನಿಮ್ಮ ಗೇಮ್ ಆಡಿ. ಸಿನೆಬೆಂಚ್‌ನಲ್ಲಿ ಮಿತಿ ಮುಟ್ಟಿ, ಗೇಮ್‌ನಲ್ಲಿ ಮುಟ್ಟದಿದ್ದರೆ ಚಿಂತೆಯಿಲ್ಲ. ಗೇಮ್‌ನಲ್ಲೇ ಮುಟ್ಟುತ್ತಿದ್ದರೆ ಕೂಲರ್ ಬಿಚ್ಚಿ ನೋಡಿ. ಪೇಸ್ಟ್ ಒಂದೇ ಮೂಲೆಯಲ್ಲಿ ಹರಡಿರುವುದು, ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಸುಲಿಯದೇ ಉಳಿದಿರುವುದು, ಈ ಎರಡರಲ್ಲಿ ಒಂದು ಸಾಮಾನ್ಯವಾಗಿ ಸಿಗುತ್ತದೆ.